ಸಾರಿನ್ಯಾಗ ಕಲಸಿದ ಗುಳಿಗಿ

ಅಕ್ಕಲಕೋಟ, ೧೯೫೮

ತಮ್ಮಾ ಶಂಕರೆಪ್ಪ,

ನೀ ಮನಿ ಬಿಟ್ಟು ಹೋಗಿ ಎರಡು ತಿಂಗಳಾತು. ಎಲ್ಲಿದ್ದೀಯೋ ಗೊತ್ತಿಲ್ಲ, ಆದ್ರೂ ಬರ್ಯಾಕತ್ತೀನಿ.

ಇವತ್ತ ಸೊಲ್ಲಾಪುರಕ್ಕ ಹೋಗಿ ನಿನ್ನ ಉಳಿದ ಗುಳಿಗಿ ಡಾಕ್ಟರ್ ಸಾಹೇಬ್ರಿಗೆ ವಾಪಸ್ ಕೊಟ್ಟೆ. "ಗುಳಿಗಿ ತಗೊಂಡಾಗ ಅಂವಗ ಹ್ಯಾಂಗ ಅನಸ್ತಿತ್ತು?" ಅಂತ ಕೇಳಿದ್ರು.

"ಕಿವ್ಯಾಗಿನ ದನಿ ನಿಂತಿದ್ವುರಿ, ಒದರೂದು ಬಿಟ್ಟಿದ್ದ, ಹೊಟ್ಟಿತುಂಬ ಉಣತಿದ್ದ" ಅಂದೆ.

"ಅದು ನಿಮಗ ಕಂಡದ್ದು. ಅಂವ ಏನಂತಿದ್ದ?"

ನೀ ನನಗ ಎಷ್ಟು ಸಲ ಅಂದಿದ್ದಿ, "ಅಕ್ಕಾ, ನನ್ನ ಮೈಯಾಗ ನಾನ ಇಲ್ಲದಂಗ ಆಗೇತಿ, ಕೈ ನಡಗತಾವ, ಮಗ್ಗದ ಎಳಿ ಹಿಡ್ಯಾಕ ಬರವಲ್ದು, ಗುಳಿಗಿ ಬ್ಯಾಡ" ಅಂತ. ನಾ ಅದನ್ನ ಪುಡಿ ಮಾಡಿ ಸಾರಿನ್ಯಾಗ ಕಲಸಿದೆ. ಅದು ನಿನಗ ತಿಳಿದ ದಿನಾನ ನೀ ಹೋದಿ.

ಸಾಹೇಬ್ರಿಗೆ "ಚಲೋ ಅನಸ್ತೈತಿ ಅಂತಿದ್ದ ರೀ" ಅಂದೆ. ಅವರು ಹಂಗ ಬರಕೊಂಡ್ರು.

ನಿನ್ನ ಅಕ್ಕ,
ನೀಲಗಂಗಾ