ಕಾಲಬುಡದ ಮುಳ್ಳು

ದೋಣಿಕಟ್ಟೆ ಪಕ್ಕದ ಮನೆ, ಮೇಲಿನ ಕೋಣೆ
ಸೋಮವಾರ, ತಿಂಡಿಯಾದ ಮೇಲೆ

ಪ್ರೀತಿಯ ಚುಕ್ಕಾಣಿ,

ನಿನ್ನ ಗಂಡ ಮುಳುಗಿದ್ದಾನೆ.

ಕೆಲಸದಲ್ಲಿ, ಮಗಳೇ, ಕೆಲಸದಲ್ಲಿ. ಯಾರದೋ ಅಡುಗೆಮನೆಗೆ ಕಪಾಟು ಮಾಡುತ್ತ ಕೆಳಗೆ ಮರಗೆಲಸದ ಶೆಡ್ಡಿನಲ್ಲಿ ಕೂತಿದ್ದಾನೆ. ತಲೆತುಂಬ ಮರದ ಹೊಟ್ಟು, ಮೈಗೇನೂ ಆಗಿಲ್ಲ. ಆ ಮೊದಲ ಸಾಲು ಬರೆದು ಎಂದಿನ ಹಾಗೆ ಒಬ್ಬನೇ ನಕ್ಕೆ. ಆಮೇಲೆ ನೀನು ಅಷ್ಟು ದೂರದ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ನಿಂತು ಅದನ್ನು ಓದುವುದು ಕಣ್ಣಿಗೆ ಕಟ್ಟಿತು, ನಗು ಬಾಯಲ್ಲೇ ಹಳಸಿತು. ಹೊಡೆದುಹಾಕೋಣ ಅನ್ನಿಸಿತಾದರೂ ಹಾಗೇ ಬಿಟ್ಟಿದ್ದೇನೆ. ನಿನ್ನ ಅಪ್ಪ ಎಂಥವನು ಅನ್ನುವುದು ಈ ಕಾಗದದ ನೆತ್ತಿಯ ಮೇಲೇ ಇರಲಿ.

ನೀನು ಹೇಗಿದ್ದೀ? ಮೊಣಕೈ ಹತ್ತಿರ ಸುಟ್ಟದ್ದು ಒಣಗಿತಾ? ನಿದ್ದೆ ಸರಿಯಾಗಿ ಮಾಡುತ್ತೀಯಾ, ಇಲ್ಲಾ ಎಂಜಿನ್ನಿನ ಜೋಗುಳ ಕೇಳಿಕೊಂಡು ಎದ್ದೇ ಇರುತ್ತೀಯಾ? ಅಮ್ಮನ ಮಂಡಿನೋವು ಇಳಿದಿದೆ, ಬಾಯಿ ಏರಿದೆ. "ದೋಣಿ ಎಂಜಿನ್ನಿಗೆ ಹಾಕಿದ ಹಾಗೆ ನಿಮ್ಮ ನಾಲಿಗೆಗೂ ಒಂದು ಮೀಟರ್ ಹಾಕಿಸ್ಬೇಕಿತ್ತು ಕಣ್ರಿ" ಅಂತ ನಿನ್ನೆಯೂ ಅಂದಳು. ಎಲ್ಲಿ ಹಾಕಿಸುತ್ತೀ, ಎಲ್ಲಿ ಹಾಕಿದರೂ ನನಗೆ ಕಾಣುವುದಿಲ್ಲವಲ್ಲ ಅನ್ನಬೇಕೆಂದಿದ್ದೆ. ಅನ್ನಲಿಲ್ಲ. ಈಚೆಗೆ ಮಾತು ಬಾಯಿವರೆಗೆ ಬಂದು ಚಪ್ಪಲಿ ಬಿಚ್ಚಿಟ್ಟು ಅಲ್ಲೇ ಕೂತುಬಿಡುತ್ತದೆ.

ನಮ್ಮ ಹಾಯಿದೋಣಿಯ ಎಂಜಿನ್ ಸುಟ್ಟ ಸುದ್ದಿ ಕೇಳಿ ಮೊನ್ನೆ ನೀನು ಫೋನಿನಲ್ಲಿ ನಿನ್ನ ಗಂಡನಿಗೆ ಹೇಳಿದ್ದೆಲ್ಲ ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಮೀಟರನ್ನ ಕಾಲಬುಡದಲ್ಲಿ ಹಾಕೋರು ಯಾರಾದ್ರೂ ಇದಾರಾ? ನಾನು ಬಂದ್ಮೇಲೆ ದೋಣಿ ಯಾರಿಗಾದ್ರೂ ಕೊಟ್ಟುಬಿಡೋಣ. ಇನ್ನು ನಿಮ್ಮ ಕೈಗೆ ಚುಕ್ಕಾಣಿ ಕೊಟ್ಟು ನಾನು ನೆಮ್ಮದಿಯಾಗಿರೋಕಾಗಲ್ಲ" ಅಂದೆ. ಅವನು "ಹೌದು, ನನ್ನ ಕಣ್ಣಿಗೆ ಬೀಳ್ಲಿಲ್ಲ" ಅಂದು ಫೋನಿಟ್ಟ. ಆ ದೋಣಿಯ ಒಂದೊಂದು ಹಲಗೆಯನ್ನೂ ಉಜ್ಜಿ ಕೂರಿಸಿದವನು ಅವನು. ಮಾರನೆಯ ಬೆಳಿಗ್ಗೆ ಶೆಡ್ಡಿಗೆ ಹೋಗಿ ನೋಡಿದರೆ, ಕಿಟಕಿಯಿಂದ ದೋಣಿ ಕಾಣುತ್ತದೆಂದು ಸ್ಟೂಲನ್ನೇ ಗೋಡೆ ಕಡೆ ತಿರುಗಿಸಿಕೊಂಡಿದ್ದ. ಇದನ್ನು ಫೋನಿನಲ್ಲಿ ಹೇಳಿದರೆ ನನ್ನ ದನಿ ಕೇಳಿಯೇ ನೀನು ತಮಾಷೆ ಅಂದುಕೊಳ್ಳುತ್ತೀ. ಅದಕ್ಕೇ ಈ ಕಾಗದ.

ಮೀಟರ್ ಅಲ್ಲಿಗೆ ಹೋದದ್ದು ಹೇಗೆ ಕೇಳು. ಎಂಜಿನ್ನಿನ ಕಾವಿಗೊಂದು, ಎಣ್ಣೆಯ ಒತ್ತಡಕ್ಕೊಂದು ಅಂತ ನೀನು ಕಳಿಸಿದ ಎರಡು ಮೀಟರ್ ಬಂದ ದಿನವೇ ಅವನು ಟೇಪು ಹಿಡಿದು ದೋಣಿಗೆ ಇಳಿದ. ನಿನಗೆ ಗೊತ್ತಲ್ಲ, ಅವನು ಅಳಿಯ ಅಲ್ಲ, 'ಅಳೆಯ'. ದೋಣಿಯ ಹಿಂಭಾಗದಲ್ಲಿ ನಾವೆಲ್ಲ ಕೂರುವ ತಗ್ಗಿನಲ್ಲಿ ಅವನು ಕೂರದ ಮೂಲೆಯಿಲ್ಲ. ಚುಕ್ಕಾಣಿ ಹಿಡಿದು ನೋಡಿದ, ನಿಂತು ನೋಡಿದ, ದೋಣಿ ಆ ಕಡೆ ಈ ಕಡೆ ವಾಲಿದಾಗ ಹೇಗೆ ಅಂತ ತಾನೇ ವಾಲಿ ನೋಡಿದ. ಕೊನೆಗೆ ಕ್ಯಾಬಿನ್ ಬಾಗಿಲ ಪಕ್ಕದ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಎರಡು ದುಂಡು ಗುರುತು ಹಾಕಿ, "ಮಾವ, ಇಲ್ಲಿ ಹಾಕಿದ್ರೆ ದೋಣಿಯಲ್ಲಿ ಯಾರು ಎಲ್ಲಿ ಕೂತಿದ್ರೂ ಕಾಣುತ್ತೆ" ಅಂದ. ಸರಿಯಾದ ಜಾಗವೇ. ಆದರೆ ನಾನು ಬೆನ್ನು ಆನಿಸಿ ಕೂರುವ ಜಾಗವೂ ಅದೇ. ಅಷ್ಟನ್ನು ನೇರವಾಗಿ ಹೇಳಿದ್ದರೆ ಅವನೇ ನನಗೊಂದು ಬೇರೆ ಒರಗು ಮಾಡಿಕೊಡುತ್ತಿದ್ದ. ಹೇಳುವ ಬುದ್ಧಿ ಬಂದರೆ ನಾನು ನಾನಾಗುವುದು ಹೇಗೆ? "ಮಾವನ ಬೆನ್ನಿಗೆ ಮುಳ್ಳು ನೆಡ್ತೀರಾ ಅಳಿಯಂದ್ರೇ? ಹಾಯಾಗಿ ಕೂರೋಕೆ ಅಲ್ವಾ ಹಾಯಿದೋಣಿ? ಇನ್ನು ಇದು ಎಮ್ಮೆ ಹಾಗೆ ಹಾಯೋ ದೋಣಿ" ಅಂತ ಶುರು ಮಾಡಿದೆ. ದೋಣಿಕಟ್ಟೆಯವರೆಲ್ಲ ನಕ್ಕರು. ಹಿರಿಯರ ಮಾತು ಅಂತ ಅವನು ಪೆನ್ಸಿಲ್ ಗುರುತು ಅಳಿಸಿ, ಚುಕ್ಕಾಣಿ ಹಿಡಿದವನ ಮೀನಖಂಡದ ಹತ್ತಿರ, ಕೆಳಗೆ, ಮೇಲೆ ಒಳಗಿನದು ಕಾಣುವ ಪ್ಲಾಸ್ಟಿಕ್ ಮುಚ್ಚಳ ಹಾಕಿ ಕೂರಿಸಿದ. ಅಳಿಯ ಅಲ್ಲ, ಮಗಳ ಗಂಡ ಅಂತಾರಲ್ಲ, ಇವನು ಎರಡೂ ಅಲ್ಲ, ಮಗನೇ.

ಅಲ್ಲಿಗೂ ನಾನು ಸುಮ್ಮನಿರಲಿಲ್ಲ. ಒಂದು ದಿನ ದುಂಡಗೆ ಕಾಗದ ಕತ್ತರಿಸಿ, ಮುಳ್ಳು ಕೆಂಪಿಗೆ ಏರಿದ ಹಾಗೆ ಬರೆದು, ಕಾವಿನ ಮೀಟರಿನ ಮುಚ್ಚಳಕ್ಕೆ ಅಂಟಿಸಿದೆ. ಮೇಲಿನಿಂದ ಬಗ್ಗಿ ನೋಡುವವನಿಗೆ ಅದು ಕಾಗದ ಅಂತ ಎಲ್ಲಿ ತಿಳಿಯಬೇಕು? ನಡುನೀರಿನಲ್ಲಿ ಎಂಜಿನ್ ನಿಲ್ಲಿಸಿ, ಗಡಿಬಿಡಿಯಲ್ಲಿ ಎಂಜಿನ್ನಿನ ಮುಚ್ಚಳ ತೆಗೆಯಲು ಹೋಗಿ ಬೆರಳು ಸುಟ್ಟುಕೊಂಡ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಪಾಪ, ಅವನೂ ಬೆರಳು ಚೀಪುತ್ತ ನಕ್ಕ.

ಅದಾದ ಮುಂದಿನ ಸಲವೇ ಎಂಜಿನ್ ಹೋದದ್ದು. ಎಂಜಿನ್ ತಣ್ಣಗಿಡಲು ನೀರೆಳೆಯುವ ತೂತಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿತ್ತು. ಗಾಳಿಯಿಲ್ಲ, ಹಾಯಿ ಜೋತುಬಿದ್ದಿದೆ, ಹೊಗೆ ನೋಡಿ ಬಂದ ಮೀನಿನ ದೋಣಿಯವರು ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಬಿಚ್ಚಿ ನೋಡಿದ ಮೆಕ್ಯಾನಿಕ್ "ಇದರ ತಲೆ ಕೆಟ್ಟಿದೆ" ಅಂದ. ಕಾವಿಗೆ ಎಂಜಿನ್ನಿನ ತಲೆಯೇ ಸೊಟ್ಟಗಾಗಿದೆಯಂತೆ. ಬೇರೆ ದಿನವಾಗಿದ್ದರೆ ಆ ಮಾತು ಹಿಡಿದು ವಾರವಿಡೀ ಆಡುತ್ತಿದ್ದೆ.

ಆದ್ದರಿಂದ ಬಯ್ಯುವುದಿದ್ದರೆ ನನ್ನನ್ನು ಬಯ್ಯಿ, ಚುಕ್ಕಾಣಿ. ಜಾಗ ಕೆಡಿಸಿದವನು ನಾನು. ನಿನ್ನೆ ನಾನೇ ದೋಣಿಗೆ ಹೋಗಿ, ಬೆನ್ನು ಆನಿಸುವ ಆ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಎರಡು ಗುರುತು ಹಾಕಿ ಬಂದಿದ್ದೇನೆ. ದುಂಡಗೆ ಬಂದಿಲ್ಲ. ಆದರೆ ಅವನು ನೋಡಲು ಬರುತ್ತಿಲ್ಲ. ನೀನು ಕರೆದರೆ ಬರುತ್ತಾನೆ. ದೋಣಿ ಕೊಡುವ ಮಾತು ಬಿಡು, ಅವನಿಗೆ ಒಂದು ಫೋನ್ ಮಾಡು.

ನಿನ್ನ ಎಂಜಿನ್ ತಣ್ಣಗಿರಲಿ, ನಿನ್ನ ನಿದ್ದೆ ಬೆಚ್ಚಗಿರಲಿ. ಅಮ್ಮ ಹಣೆಗೆ ಮುತ್ತು ಕಳಿಸಿದ್ದಾಳೆ, ಅದರಲ್ಲಿ ನನ್ನದೂ ಒಂದನ್ನು ಸೇರಿಸಿಕೋ.

ನಿನ್ನ
ಕುಚೇಷ್ಟೆಯ ಅಪ್ಪ

ತಾ.ಕ.: ಅಂಚೆಯವನು ಆಗಲೇ ಬೀದಿಯ ತುದಿಗೆ ಬಂದಿದ್ದಾನೆ. ಅಂಟಿಸುವುದರಲ್ಲಿ ನಿಸ್ಸೀಮನಾದ ನನಗೆ ಈ ಕವರು ಅಂಟಿಸಲು ಕೈ ಬರುತ್ತಿಲ್ಲ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಅರ್ಧ. ಮೀಟರ್ ಅವನ ಕಣ್ಣಿಗೆ ಬಿದ್ದಿತ್ತು. ನನ್ನ ಮಾನ ಉಳಿಸಲು ನಿನ್ನ ಹತ್ತಿರ ಸುಳ್ಳು ಹೇಳಿದ್ದಾನೆ. ಅವತ್ತು ಹೊಗೆ ಏಳುವ ಮುಂಚೆಯೇ ಅವನು ಬಗ್ಗಿ, ಮುಳ್ಳು ಕೆಂಪಿಗೆ ಏರಿದ್ದು ನೋಡಿ, ಎಂಜಿನ್ ನಿಲ್ಲಿಸಲು ಕೈ ಚಾಚಿದ. ಚಾಚಿದವನು ತಡೆದು, ನನ್ನ ಕಡೆ ತಿರುಗಿ, "ಮಾವ, ಮತ್ತೆ ಅಂಟಿಸಿದ್ರಾ?" ಅಂದ. ಆ ಕಾಗದ ಮಡಚಿಕೊಂಡು ನನ್ನ ಜೇಬಿನಲ್ಲೇ ಇತ್ತು. ಗೋಡೆಗೆ ಒರಗಿ ಕೂತ ನನಗೆ ಮೀಟರ್ ಕಾಣುತ್ತಿರಲಿಲ್ಲ, ಎದ್ದು ಬಗ್ಗಿದರೆ ಕಾಣುತ್ತಿತ್ತು. ಹೋದ ಸಲದ ಸೇಡಿಗೆ ಇವನೇ ನನ್ನನ್ನು ಆಟ ಆಡಿಸುತ್ತಿದ್ದಾನೆ, ಬಗ್ಗಿದರೆ ನಾನು ಬೇಸ್ತು ಬಿದ್ದೆ ಅಂತ ನಗುತ್ತಾನೆ ಅಂದುಕೊಂಡೆ. ಸೋಲಲು ಮನಸ್ಸು ಬರಲಿಲ್ಲ. ಹುಟ್ಟಿದಾಗಿನಿಂದ ಮಾಡಿದ ಕುಚೇಷ್ಟೆಗೆಲ್ಲ 'ನಾನಲ್ಲ' ಅಂದವನು, ಮಾಡದೇ ಇದ್ದ ಆ ಒಂದಕ್ಕೆ ನಗುತ್ತ 'ಹೂಂ' ಅಂದೆ. ಅವನು ಕೈ ಹಿಂದಕ್ಕೆ ತೆಗೆದ.