ಅರ್ಧಕ್ಕೆ ನಿಂತ ಒಂಬತ್ತು ನಿಮಿಷದ ಸಿನಿಮಾ

ಚಿತ್ರೋತ್ಸವದ ಮಾನ್ಯ ನಿರ್ದೇಶಕರೇ,

ನನ್ನ ಸಿನಿಮಾ ಒಟ್ಟು ಒಂಬತ್ತು ನಿಮಿಷದ್ದು. ಅದನ್ನು ನೀವು ಆರನೆಯ ನಿಮಿಷದಲ್ಲಿ ನಿಲ್ಲಿಸಿದಿರಿ. ಯಂತ್ರ ಕೆಟ್ಟಿರಲಿಲ್ಲ, ಕರೆಂಟು ಹೋಗಿರಲಿಲ್ಲ. ಮುಖ್ಯ ಅತಿಥಿಗಳ ಕಾರು ಗೇಟಿನೊಳಗೆ ಬಂದಿತ್ತು, ಅಷ್ಟೇ. ಅವರು ಬರುವ ತನಕ ಸಭಿಕರಿಗೆ ಬೇಸರವಾಗದಿರಲಿ ಎಂದು ಹಾಕಿದಿರಿ, ಬಂದ ಕೂಡಲೇ ತೆಗೆದಿರಿ. ನಿಮ್ಮ ಪಾಲಿಗೆ ವಿಷಯ ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಅದು ಮುಗಿಯಲಿಲ್ಲ. ನಿಮ್ಮ ಕಚೇರಿಯಲ್ಲಿ ಕುಳಿತು ಹೇಳಲು ಹೋದಾಗ ನಿಮಗೆ ಕೇಳಲು ಪುರುಸೊತ್ತಿರಲಿಲ್ಲ. ಆದ್ದರಿಂದ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಹೇಳುತ್ತಿದ್ದೇನೆ.

ನಾನು ಮದುವೆ ವಿಡಿಯೊಗಳನ್ನು ಎಡಿಟ್ ಮಾಡಿ ಬದುಕುವವಳು. ಯಾರದೋ ನಗು, ಯಾರದೋ ಊಟ, ಯಾರದೋ ಅಳು, ಎಲ್ಲವನ್ನೂ ಜೋಡಿಸಿ ಮೂರು ಗಂಟೆಗೆ ಎಳೆದು ಕೊಡುವುದು ನನ್ನ ಕಸುಬು. ಎಳೆಯುವುದು ಎಷ್ಟು ಸಲೀಸೆಂದು ನನಗೆ ಚೆನ್ನಾಗಿ ಗೊತ್ತು. ನನ್ನ ಅಮ್ಮ ಟಾಕೀಸಿನಲ್ಲಿ ಕೆಲಸಕ್ಕಿದ್ದವಳು. ಆಟ ಶುರುವಾದ ಮೇಲೆ ಬರುವವರಿಗೆ ಕತ್ತಲಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ಕೆಲಸ. ಬೀದಿಯವರೆಲ್ಲ ಅವಳನ್ನು ಟಾರ್ಚಮ್ಮ ಎಂದೇ ಕರೆಯುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ನನ್ನ ತಮ್ಮನನ್ನೂ ಆ ಕೆಲಸದಿಂದಲೇ ಸಾಕಿದಳು. ಅವಳು ನೋಡದ ಸಿನಿಮಾ ಇರಲಿಲ್ಲ, ಪೂರ್ತಿ ನೋಡಿದ ಸಿನಿಮಾವೂ ಇರಲಿಲ್ಲ. ಮನೆಗೆ ಬಂದು ಕತೆ ಹೇಳುವಾಗ ಶುರುವಾಗುತ್ತಿದ್ದದ್ದೇ ಯಾವುದೋ ಜಗಳದ ಮಧ್ಯದಿಂದ. "ಅದಕ್ಕೆ ಮುಂಚೆ ಏನಾಯ್ತಮ್ಮಾ?" ಎಂದು ನಾವು ಪೀಡಿಸಿದರೆ, "ಅದಕ್ಕೆ ಮುಂಚೆ ನಾನು ಒಬ್ಬ ದಪ್ಪನೆ ಯಜಮಾನ್ರನ್ನ ಸೀಟಿಗೆ ಸೇರಿಸ್ತಾ ಇದ್ದೆ ಕಣ್ರೋ" ಎಂದು ನಗುತ್ತಿದ್ದಳು.

ಎರಡು ವರ್ಷಗಳಿಂದ ಅವಳ ನೆನಪು ಕರಗುತ್ತಿದೆ. ಮೊದಲು ಹೋದದ್ದು ಟಿವಿ ಧಾರಾವಾಹಿ. "ಇವನ್ಯಾರು? ಅವಳಿಗೇನಾಗ್ಬೇಕು?" ಎಂದು ಕೇಳಿ ಕೇಳಿ ಕಡೆಗೆ ನಾಚಿಕೆಯಾಗಿ ಎದ್ದು ಹೋಗುತ್ತಿದ್ದಳು. ಆಮೇಲೆ ದೊಡ್ಡ ಸಿನಿಮಾಗಳು ಹೋದವು. ಮಧ್ಯಂತರ ಬರುವಷ್ಟರಲ್ಲಿ ಮೊದಲರ್ಧ ಅವಳ ಕೈಯಿಂದ ಜಾರಿರುತ್ತಿತ್ತು. ಹೀಗಿರುವಾಗ ಒಂದು ಮಧ್ಯಾಹ್ನ ನಾನು ಕೆಲಸದ ನಡುವೆ ಕಂಪ್ಯೂಟರಿನಲ್ಲಿ ಯಾರದೋ ಪುಟ್ಟ ಸಿನಿಮಾ ನೋಡುತ್ತಿದ್ದೆ. ಅಪ್ಪನ ಮೇಲೆ ಮುನಿಸಿಕೊಂಡು ಕೋಣೆಯ ಚಿಲಕ ಹಾಕಿಕೊಂಡ ಹುಡುಗಿಯ ಕತೆ. ಅಮ್ಮ ಬೆನ್ನ ಹಿಂದೆ ಬಂದು ನಿಂತದ್ದು ತಿಳಿಯಲೇ ಇಲ್ಲ. ಮುಗಿದ ಮೇಲೆ ಸೆರಗಿನಿಂದ ಮೂಗೊರೆಸಿಕೊಂಡು ಅಂದಳು: "ಆ ಹುಡುಗಿ ಬಾಗ್ಲು ತೆಗೀಬೇಕಿತ್ತು ಕಣೆ. ಆಗ್ಲೇ ಅವಳಪ್ಪ ಕರೆದಾಗ್ಲೇ ತೆಗೀಬೇಕಿತ್ತು."

ಅವಳಿಗೆ ಮೊದಲು, ನಡುವೆ, ಕೊನೆ ಮೂರೂ ಸಿಕ್ಕಿದ್ದವು. ಎಷ್ಟೋ ತಿಂಗಳ ಮೇಲೆ ಒಂದು ಇಡೀ ಕತೆ ನನ್ನ ಅಮ್ಮನ ಒಳಗೆ ಹಿಡಿಸಿತ್ತು.

ಕಿರುಚಿತ್ರವೆಂದರೆ ದೊಡ್ಡ ಚಿತ್ರದ ಮೊದಲ ಮೆಟ್ಟಿಲು ಎಂದು ನಿಮ್ಮ ಸ್ವಾಗತ ಭಾಷಣದಲ್ಲಿ ಅಪ್ಪಣೆ ಕೊಡಿಸಿದಿರಿ. ಮಾನ್ಯರೇ, ಯಾರ ಮನೆಯ ಮೆಟ್ಟಿಲು ಅದು? ಸಣ್ಣಕತೆ ಬರೆದವರ ಬೆನ್ನು ತಟ್ಟಿ "ಬೇಗ ಕಾದಂಬರಿಯಾಗಿ ಬೆಳೆಯಲಿ" ಎಂದು ನೀವು ಹಾರೈಸುವುದುಂಟೇ? ನಾಲ್ಕು ಸಾಲಿನ ಕವಿತೆ ಓದಿ ಉಳಿದದ್ದು ಎಲ್ಲಿ ಎಂದು ಹುಡುಕುತ್ತೀರಾ? ದೊಡ್ಡ ಸಿನಿಮಾದಲ್ಲಿ ಒಂದು ದೃಶ್ಯ ಸೊರಗಿದರೆ ಹಾಡು ಬಂದು ಕಾಪಾಡುತ್ತದೆ, ಹಾಸ್ಯ ಬಂದು ಮರೆಸುತ್ತದೆ. ನಮಗೆ ಅಂಥ ನೆಂಟರು ಯಾರೂ ಇಲ್ಲ. ಟಿಕೆಟ್ಟಿಲ್ಲ, ಟಾಕೀಸಿಲ್ಲ, ಪೋಸ್ಟರಿಗೆ ಗೋಡೆಯಿಲ್ಲ. ನೋಡುವವರ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವಷ್ಟರಲ್ಲಿ ನಮ್ಮ ಕತೆ ಅರ್ಧ ದಾರಿ ಕ್ರಮಿಸಿರಬೇಕು. ಇರುವುದೆಲ್ಲ ಆ ಕೆಲವು ನಿಮಿಷ. ಅದರಲ್ಲೂ ನಿಮ್ಮ ಅತಿಥಿಗಳಿಗೆ ಪಾಲು ಬೇಕಾಯಿತು.

ಅಮ್ಮನಿಗೆ ಹಿಡಿಸುವಷ್ಟು ಉದ್ದದ, ಅಮ್ಮನದೇ ಒಂದು ಸಿನಿಮಾ ಮಾಡಬೇಕೆಂದು ನಾನು ಹಟ ಹಿಡಿದೆ. ಅವಳು ದುಡಿದ ಟಾಕೀಸು ಮುಚ್ಚಿ ಬಹಳ ಕಾಲವಾಗಿದೆ. ಮಾಲೀಕರ ಮಗ ಬೀಗ ತೆಗೆದು ಕೊಟ್ಟರು. ಸೀಟುಗಳ ಹೊಟ್ಟೆಯಿಂದ ನಾರು ಹೊರಬಂದಿತ್ತು, ಬಾಲ್ಕನಿಯಲ್ಲಿ ಪಾರಿವಾಳಗಳ ಸಂಸಾರ. ಕತೆ ಇಷ್ಟೇ: ಟಾಕೀಸಿನ ಕಡೆಯ ಆಟ, ಸೀಟು ತೋರಿಸುವ ಹೆಂಗಸು ಎಲ್ಲರನ್ನೂ ಕೂರಿಸುತ್ತಾಳೆ, ಒಂದು ಸೀಟು ಖಾಲಿ ಉಳಿಯುತ್ತದೆ, ಯಾರೂ ಬರುವುದಿಲ್ಲ. ಕೊನೆಗೆ ಅವಳೇ ಹೋಗಿ ಅದರಲ್ಲಿ ಕೂರುತ್ತಾಳೆ. ಬದುಕಿಡೀ ನಿಂತಿದ್ದವಳು ಮೊದಲ ಸಲ ಕೂತು ಪರದೆ ನೋಡುತ್ತಾಳೆ. ಪರದೆಯ ಬೆಳಕು ಅವಳ ಮುಖದ ಮೇಲೆ ಬೀಳುತ್ತದೆ. ಮುಗಿಯಿತು.

ಅಮ್ಮನೇ ಆ ಪಾತ್ರ ಮಾಡಿದಳು. ಸಂಭಾಷಣೆ ಕೊಟ್ಟರೆ ಮರೆಯುತ್ತಾಳೆಂದು ನಾನು ಮಾತೇ ಬರೆದಿರಲಿಲ್ಲ. ನನ್ನ ಜೊತೆ ಮದುವೆಗಳಿಗೆ ಬರುವ ಕ್ಯಾಮೆರಾದವನು ಅವಳ ಮುಖ ಹಿಡಿಯುತ್ತ ಹಿಮ್ಮುಖವಾಗಿ ನಡೆಯುತ್ತಿದ್ದ. ಅಮ್ಮ ಇದ್ದಕ್ಕಿದ್ದಂತೆ ಟಾರ್ಚಿನ ಬೆಳಕನ್ನು ಅವನ ಕಾಲಿಗೆ ಬಿಟ್ಟು, "ಹಿಂದೆ ಮೆಟ್ಲಿದೆ ಕಣಪ್ಪ, ನಿಧಾನ. ಬಿದ್ದುಗಿದ್ದೀಯ" ಅಂದಳು. ಅವನು ಅಲುಗದೆ ನಿಂತ, ಕ್ಯಾಮೆರಾ ಓಡುತ್ತಲೇ ಇತ್ತು. ಇಡೀ ಸಿನಿಮಾದಲ್ಲಿರುವುದು ಆ ಒಂದೇ ಮಾತು.

ಆಮೇಲೆ ಕತ್ತರಿಸಲು ಕೂತೆ. ಸೀಟಿನಲ್ಲಿ ಕೂತ ಮೇಲೆ ಅಮ್ಮ ನಮ್ಮ ಕಡೆ ತಿರುಗಿ ಬಾಯ್ತುಂಬ ನಕ್ಕದ್ದು ದಾಖಲಾಗಿತ್ತು. ಅದನ್ನು ತೆಗೆದೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ತಮ್ಮ ಜಗಳಕ್ಕೇ ಬಂದ.

"ಅಮ್ಮ ನಗೋದನ್ನ ಯಾಕೆ ತೆಗ್ದೆ ಅಕ್ಕಾ?"

"ಅದಿದ್ರೆ ಅವಳು ಕೂತಿದ್ದಕ್ಕೆ ಬೆಲೆ ಇರಲ್ಲ ಕಣೋ. ಮನೆ ವಿಡಿಯೊ ಆಗ್ಬಿಡುತ್ತೆ."

"ಆಗ್ಲಿ ಬಿಡು. ಇನ್ಮೇಲೆ ಇಂಥದ್ದು ಎಷ್ಟು ಸಿಗುತ್ತೆ ನಮಗೆ?"

ಆದರೂ ನಾನು ಅದನ್ನು ಮರಳಿ ಸೇರಿಸಲಿಲ್ಲ. ಕಿರುಚಿತ್ರ ಬರೀ ಮೊದಲ ಮೆಟ್ಟಿಲೆಂದು ಇನ್ನೊಮ್ಮೆ ಹೇಳುವ ಮುನ್ನ, ಹೆತ್ತ ತಾಯಿಯ ನಗುವನ್ನು ಕತ್ತರಿಸಿ ಬದಿಗಿಡಲು ನಿಮ್ಮಿಂದಾಗುತ್ತದೆಯೇ ಎಂದು ಯೋಚಿಸಿ.

ಸಿನಿಮಾ ಉತ್ಸವಕ್ಕೆ ಆಯ್ಕೆಯಾಯಿತು. ಅಮ್ಮನಿಗೆ ಅದನ್ನು ಮನೆಯಲ್ಲಿ ತೋರಿಸಲಿಲ್ಲ. ದೊಡ್ಡ ಪರದೆಯಲ್ಲಿ, ಕತ್ತಲಲ್ಲಿ, ಸೀಟಿನಲ್ಲಿ ಕೂತು ನೋಡಲಿ ಎಂಬ ಆಸೆ. ಅಂದು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಸಭಾಂಗಣದ ಅರ್ಧ ದೀಪ ಉರಿಯುತ್ತಲೇ ಇತ್ತು, ಬಾಗಿಲುಗಳು ತೆರೆದಿದ್ದವು, ಜನ ಕಾಫಿ ಹಿಡಿದು ಓಡಾಡುತ್ತಿದ್ದರು. ಆದರೂ ಅಮ್ಮ ನೋಡಿದಳು. ನನ್ನ ಮುಂಗೈ ಹಿಡಿದುಕೊಂಡು, "ಯಾರೇ ಅವಳು? ನನ್ ಥರಾನೇ ನಡೀತಾಳೆ" ಅಂದಳು. ಸ್ವಲ್ಪ ಹೊತ್ತಿಗೆ ಹಿಡಿತ ಬಿಗಿಯಾಯಿತು. "ನಾನೇ ಅಲ್ವೇನೇ?"

ಪರದೆಯ ಮೇಲೆ ಖಾಲಿ ಸೀಟು ಕಾಣಿಸಿತ್ತು. ಅಷ್ಟರಲ್ಲಿ ಗಣ್ಯರ ಆಗಮನವಾಯಿತೆಂದು ಮೈಕು ಕೂಗಿತು. ಎಲ್ಲ ದೀಪ ಹೊತ್ತಿದವು. ಚಿತ್ರ ಮಾಸಿತು, ನಿಂತಿತು, ಅದರ ಜಾಗಕ್ಕೆ ಉತ್ಸವದ ಲಾಂಛನ ಬಂತು. ಬಾಗಿಲಿನಿಂದ ಜನ ಒಳಗೆ ನುಗ್ಗಿದರು. ಅಮ್ಮ ನನ್ನ ಕೈ ಬಿಟ್ಟು ಎದ್ದಳು. ತಡೆಯುವಷ್ಟರಲ್ಲಿ ಸಾಲುಗಳ ನಡುವಿನ ದಾರಿಗೆ ಇಳಿದು, "ಬನ್ನಿ, ಈ ಕಡೆ ಬನ್ನಿ, ಸಾಲು ನೋಡ್ಕೊಳಿ" ಎಂದು ಎಲ್ಲರಿಗೂ ಸೀಟು ತೋರಿಸತೊಡಗಿದಳು. ಕೆಲವರು ನಕ್ಕರು, ಒಬ್ಬಾತ ಮೊಬೈಲ್ ಎತ್ತಿ ಹಿಡಿದ. ನಿಮಗೆ ನೆನಪಿರಬಹುದು, ನಿಮ್ಮ ಮೊಣಕೈಯನ್ನೂ ಮೆಲ್ಲಗೆ ಹಿಡಿದು ಮುಂದಿನ ಸಾಲಿಗೆ ಕರೆದೊಯ್ದವಳು ಅವಳೇ. ನೀವು ಕೂತಿರಿ. ಕೂತು, ಪಕ್ಕದವರಿಗೆ ಹೇಳಿದಿರಿ: "ಯಾರ್ರೀ ಇವರು? ಸ್ವಲ್ಪ ಹೊರಗೆ ಕರ್ಕೊಂಡು ಹೋಗಿ."

ಆಗಷ್ಟೇ ನಿಮ್ಮ ಪರದೆಯ ಮೇಲಿದ್ದ ಕಲಾವಿದೆ ಆಕೆ. ಸಿನಿಮಾ ನೋಡಿದ್ದರೆ ಗುರುತು ಸಿಗುತ್ತಿತ್ತು.

ಮರುದಿನ ಅಮ್ಮನಿಗೆ ಉತ್ಸವ ನೆನಪಿರಲಿಲ್ಲ, ಸೀರೆ ನೆನಪಿರಲಿಲ್ಲ, ನೀವಂತೂ ನೆನಪಿರಲೇ ಇಲ್ಲ. ಆದರೆ ಊಟಕ್ಕೆ ಕೂತವಳು ತುತ್ತು ತಡೆದು ಕೇಳಿದಳು: "ಆ ಹೆಂಗಸು ಕೂತ್ಲಾ?"

"ಕೂತ್ಲು ಅಮ್ಮಾ."

"ನೀನು ಹೇಳ್ಬಿಟ್ರಾಯ್ತಾ? ನಾನು ನೋಡ್ಬೇಡ್ವಾ?"

ಕಂಪ್ಯೂಟರಿನಲ್ಲಿ ಹಾಕಿದರೆ, "ಇದು ಟಿವಿ, ಅದು ಸಿನಿಮಾ" ಎಂದು ಮುಖ ತಿರುಗಿಸಿದಳು. ಮತ್ತೆ ಮತ್ತೆ ಅದೇ ಪ್ರಶ್ನೆ. ಹಾಗಾಗಿ ನಿಮ್ಮ ಕಚೇರಿಗೆ ಬಂದೆ. ಉತ್ಸವ ಇನ್ನೂ ನಡೆಯುತ್ತಿತ್ತು, ಬೆಳಗಿನ ಹೊತ್ತು ಸಭಾಂಗಣ ಖಾಲಿ ಬಿದ್ದಿರುತ್ತಿತ್ತು. ಇನ್ನೊಮ್ಮೆ ಹಾಕಿ ಎಂದು ಬೇಡಿಕೊಂಡೆ. "ಒಂಬತ್ತು ನಿಮಿಷಕ್ಕೆ ಹಾಲ್ ತೆಗೆಸೋಕಾಗುತ್ತಾ ಮೇಡಂ? ಮೊಬೈಲಲ್ಲಿ ತೋರ್ಸಿ, ಅಲ್ಲೇ ತಾನೆ ಎಲ್ಲಾ ನೋಡೋದು" ಎಂದರು ನಿಮ್ಮ ಸಹಾಯಕರು. ನೀವು ಕಡತದಿಂದ ತಲೆಯೆತ್ತದೆ, "ಒಮ್ಮೆ ಪ್ರದರ್ಶನ ಆಗಿದೆಯಲ್ಲಮ್ಮ" ಎಂದಿರಿ. ಹೊರಡುವಾಗ ಪ್ರಮಾಣಪತ್ರವೊಂದು ಕೈಗೆ ಬಂತು. ಚಿತ್ರವನ್ನು ಯಶಸ್ವಿಯಾಗಿ ಪ್ರದರ್ಶಿಸಲಾಗಿದೆ ಎಂದು ಅದರಲ್ಲಿ ಅಚ್ಚಾಗಿದೆ.

ತಮ್ಮ ಸುಮ್ಮನೆ ಕೂರಲಿಲ್ಲ. ಎಲ್ಲೆಲ್ಲೋ ಕೇಳಿ ಕಡೆಗೊಂದು ಪ್ರೊಜೆಕ್ಟರ್ ತಂದ. ಅದು ಸಿಗುವಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದು ಎದ್ದಿದ್ದಳು. ಜ್ವರ, ಆಸ್ಪತ್ರೆ, ಮನೆಗೆ ಬಂದವಳು ಬೇರೆಯೇ ಆಗಿದ್ದಳು. ನಡುಮನೆಯ ಕಿಟಕಿ ಮುಚ್ಚಿ, ಬಿಳಿ ಹೊದಿಕೆ ಕಟ್ಟಿ, ಸಿನಿಮಾ ಹಾಕಿದೆವು. ಅಮ್ಮ ಹೊದಿಕೆಯನ್ನೇ ನೋಡಿ, "ಇದನ್ನ ಸರಿಯಾಗಿ ಒಗ್ದಿಲ್ಲ" ಅಂದಳು. ತಮ್ಮ ನಕ್ಕ, ನಾನೂ ನಕ್ಕೆ. ಪರದೆಯ ಮೇಲೆ ಟಾರ್ಚು ಬೆಳಗಿತು, ಕ್ಯಾಮೆರಾದವನಿಗೆ ಮೆಟ್ಟಿಲು ತೋರಿಸಿದ್ದಾಯಿತು, ಖಾಲಿ ಸೀಟು ಬಂತು. ಅಮ್ಮ ಸೆರಗಿನ ಅಂಚನ್ನು ಮಡಿಸಿ ಬಿಡಿಸುತ್ತಿದ್ದಳು. "ಅಮ್ಮಾ, ಇಲ್ನೋಡು, ಈಗ ಕೂರ್ತಾಳೆ ನೋಡು" ಎಂದು ತಮ್ಮ ಅವಳ ಗಲ್ಲ ಹಿಡಿದು ತಿರುಗಿಸಿದ. ಅವಳು ತಮ್ಮನ ಮುಖವನ್ನೇ ನೋಡಿದಳು, ಸಭ್ಯತೆಯಿಂದ, ಅಪರಿಚಿತರನ್ನು ನೋಡುವಂತೆ. ಸಿನಿಮಾ ಮುಗಿಯಿತು. ತಮ್ಮ ಹೊದಿಕೆ ಬಿಚ್ಚುವ ನೆಪದಲ್ಲಿ ಅದರ ಹಿಂದೆ ಬಹಳ ಹೊತ್ತು ನಿಂತಿದ್ದ.

ಈಗ ನನ್ನ ಬೇಡಿಕೆ. ಅದು ಕಿರುಚಿತ್ರದಷ್ಟೇ ಚಿಕ್ಕದು. ಮುಂದಿನ ಉತ್ಸವದಿಂದ ಕಿರುಚಿತ್ರ ಶುರುವಾಗುವ ಮುನ್ನ ದೀಪಗಳೆಲ್ಲ ಆರಲಿ, ಬಾಗಿಲು ಹಾಕಲಿ, ಕೊನೆಯ ಹೆಸರು ಪರದೆಯಿಂದ ಹೋಗುವ ತನಕ ಯಾರಿಗಾಗಿಯೂ ಅದನ್ನು ತೆರೆಯದಿರಲಿ. ತಡವಾಗಿ ಬಂದ ಗಣ್ಯರು ಹೊರಗೆ ನಿಲ್ಲಲಿ. ಒಂಬತ್ತು ನಿಮಿಷದಲ್ಲಿ ಯಾರ ಗೌರವವೂ ಸವೆದುಹೋಗುವುದಿಲ್ಲ. ಇದು ಆಗದಿದ್ದರೆ ದಯವಿಟ್ಟು ನಮ್ಮನ್ನು ಕರೆಯಬೇಡಿ, ಸಭಿಕರ ಬೇಸರ ಕಳೆಯಲು ಬೇರೆ ಏನಾದರೂ ಏರ್ಪಾಡು ಮಾಡಿಕೊಳ್ಳಿ.

ನನ್ನ ಸಿನಿಮಾವನ್ನು ಮತ್ತೆ ಹಾಕಿ ಎಂದು ಕೇಳುತ್ತಿಲ್ಲ. ಆ ಹೆಂಗಸು ಕೂತಳೇ ಎಂದು ನಮ್ಮ ಮನೆಯಲ್ಲಿ ಈಗ ಯಾರೂ ಕೇಳುವುದಿಲ್ಲ.

ಇಂತಿ,
ಊರವರ ಮದುವೆಗಳನ್ನು ಮೂರು ಗಂಟೆಗೆ ಎಳೆಯಬಲ್ಲ,
ಹೆತ್ತವಳಿಗೆ ಉಳಿದ ಮೂರು ನಿಮಿಷ ತೋರಿಸಲಾಗದ
ಒಬ್ಬ ಮಗಳು