ಯಾವ ತಂಡದವಳೂ ಅಲ್ಲದ ವಾರ

ಫೆಬ್ರವರಿ ೧೧, ಮಂಗಳವಾರ

ಬೆಳಿಗ್ಗೆ ಕ್ಲಬ್ಬಿನ ಒಪ್ಪಂದಕ್ಕೆ ಸಹಿ ಹಾಕಿಬಿಟ್ಟೆ. ಡಿಗ್ರಿ ಮುಗಿಯಲು ಇನ್ನೂ ಒಂದು ವರ್ಷವಿತ್ತು. ಇನ್ನು ವಾಲಿಬಾಲೇ ನನ್ನ ಕೆಲಸ.

ಸಂಜೆ ಕಾಲು ತಾನಾಗಿಯೇ ಕಾಲೇಜಿನ ಮೈದಾನಕ್ಕೆ ಎಳೆದುಕೊಂಡು ಹೋಯಿತು. ಶೂ ಕಟ್ಟುತ್ತಿದ್ದಾಗ ಕೋಚ್ ಸರ್ ಬಂದು, "ಕ್ಲಬ್ಬಿಗೆ ಸಹಿ ಹಾಕಿದ ಮೇಲೆ ಇನ್ನು ನಮ್ಮ ಟೀಮಲ್ಲಿ ಆಡೋ ಹಾಗಿಲ್ಲಮ್ಮ, ಕೂತು ನೋಡು" ಅಂದರು. ಗೊತ್ತಿದ್ದ ಮಾತೇ. ಆದರೂ ಲೇಸು ಕೈಯಲ್ಲೇ ಉಳಿಯಿತು.

ನನ್ನ ಜಾಗದಲ್ಲಿ ಜೂನಿಯರ್ ಹುಡುಗಿಯೊಬ್ಬಳು ನಿಂತು, ಉದ್ದ ಕಾಲಿಗೆ ನಾವೆಲ್ಲ ಕೊಕ್ಕರೆ ಅನ್ನುವ ನನ್ನ ಗೆಳತಿಗೆ ಹೊಡೆಯಲು ಚೆಂಡು ಎತ್ತಿಕೊಡುತ್ತಿದ್ದಳು. ಮೊದಮೊದಲು ತೀರಾ ತಗ್ಗು. ಆಮೇಲೊಂದು ಚೆಂಡು ಇಳಿಬಿಸಿಲಲ್ಲಿ ತೂಕವೇ ಇಲ್ಲದಂತೆ ತೇಲಿತು, ಕೊಕ್ಕರೆ ಹಾರಿ ಹೊಡೆದಳು. ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ಮಡಿಲಲ್ಲಿದ್ದ ನನ್ನ ಬೆರಳುಗಳೂ ಅದನ್ನು ಎತ್ತಿಕೊಟ್ಟಿದ್ದವು.

"ಅಲ್ಲಿ ನನಗಿಂತ ಚೆನ್ನಾಗಿ ಹೊಡೆಯೋರು ಸಿಗ್ತಾರೆ ಕಣೇ" ಅಂದಳು ಕೊಕ್ಕರೆ, ಹೊರಡುವಾಗ.

"ಸಿಗಲಿ ಬಿಡು. ಹಾರೋಕೆ ಮುಂಚೆ ನೀನು ನಾಲಿಗೆ ಕಚ್ತೀಯಲ್ಲ, ಅದನ್ನ ನೋಡಿಯೇ ನಾನು ಚೆಂಡು ಎತ್ತೋದು. ಅವರು ಕಚ್ತಾರಾ?"

"ಹಾಳಾದವಳೇ, ಎರಡು ವರ್ಷ ಹೇಳ್ಲೇ ಇಲ್ವಲ್ಲೇ!" ಅಂತ ಬೆನ್ನಿಗೆ ಗುದ್ದಿದಳು. ನಕ್ಕಳು. ನಗುನಗುತ್ತಲೇ ಮುಖ ಆಚೆ ತಿರುಗಿಸಿಕೊಂಡಳು.

ಈಗ ಅಮ್ಮ ಬಾಗಿಲಲ್ಲಿ ನಿಂತು, "ನಾಳೆ ಎಷ್ಟೊತ್ತಿಗೆ ಎಬ್ಬಿಸ್ಲಿ?" ಅಂತ ಕೇಳುತ್ತಿದ್ದಾರೆ. ಬೆಳಗಿನ ಪ್ರಾಕ್ಟೀಸಿಗೆ ಏಳುವ ರೂಢಿಯಲ್ಲಿ, ಐದಕ್ಕೆ ಅನ್ನಲು ಬಾಯಿ ತೆರೆದೆ. ನಾಳೆ ಎಲ್ಲಿಗೂ ಹೋಗಬೇಕಿಲ್ಲ. ಕ್ಲಬ್ಬಿಗೆ ಸೇರುವುದು ಮುಂದಿನ ವಾರ. ಅಲ್ಲಿಯವರೆಗೆ ನಾನು ಯಾವ ತಂಡದವಳೂ ಅಲ್ಲ. ಅಳು ಬರಬಹುದು ಅಂದುಕೊಂಡಿದ್ದೆ. ಆದರೆ ನೀರಿನ ಮೇಲೆ ಅಂಗಾತ ಮಲಗಿದ ಹಾಗೆ, ಯಾವ ದಡವೂ ಕಾಣದ ಹಾಗೆ, ಒಂಥರಾ ಹಿತವಾಗಿದೆ. ರೆಪ್ಪೆ ಭಾರ, ಪೆನ್ನು ಜಾರುತ್ತಿದೆ. ಅಮ್ಮ ಇನ್ನೂ ನಿಂತೇ ಇದ್ದಾರೆ, ಏನಾದರೂ ಹೇಳಬೇಕು, ನಾಳೆ…